ಪೇಟೆ ಬೀದಿಯ ಪಟದಲ್ಲಿ ಮನೆತನದ ಚರಿತ್ರೆ

ಹಳೆಯ ಮನೆಗಳ ಪಡಸಾಲೆಯಲ್ಲಿ ಕಟ್ಟುಹಾಕಿದ ಫೋಟೋಗಳು ಗೋಡೆಯಿಂದ ತುಸು ಮುಂದಕ್ಕೆ ಬಾಗಿ ತೂಗುತ್ತಿರುತ್ತವೆ. ನಡುವೆ ಕುರ್ಚಿಯ ಮೇಲೆ ಕುಳಿತವರು ಯಾರು ಎಂದು ಕೇಳಿದರೆ ಮನೆಯವರು ತಟ್ಟನೆ ಹೇಳುತ್ತಾರೆ. ಪಕ್ಕದಲ್ಲಿ ನಿಂತವರ ಹೆಸರಿಗೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಹಿಂದಿನ ಸಾಲಿನವರ ವಿಷಯ ಬಂದರೆ, 'ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು' ಎಂಬ ಉತ್ತರ ಬರುತ್ತದೆ. ಇವರೆಲ್ಲರ ಬೆನ್ನ ಹಿಂದಿರುವ ಅಂಗಡಿಯ ಬೋರ್ಡು, ಕಟ್ಟೆ, ಗಾಡಿ, ದೀಪದ ಕಂಬ ಇವುಗಳ ಬಗ್ಗೆಯಂತೂ ಯಾರೂ ಕೇಳುವುದೇ ಇಲ್ಲ.

ಆದರೆ ಮನೆತನದ ಚರಿತ್ರೆಯನ್ನು ಹುಡುಕಹೊರಟವರಿಗೆ ಮೊದಲು ನೆರವಾಗುವುದು ಈ ಹಿನ್ನೆಲೆಯೇ. ಮುಖ ತನ್ನ ಹೆಸರನ್ನು ತಾನೇ ಹೇಳಲಾರದು, ಬೀದಿ ಹೇಳಬಲ್ಲದು. ಅಂಗಡಿಯ ಬೋರ್ಡಿನಲ್ಲಿ ಅಕ್ಷರವಿದೆ, ಗೋಡೆಯ ಮೇಲೆ ಸಿನಿಮಾದ ಭಿತ್ತಿಪತ್ರವಿದೆ, ಪಕ್ಕದ ಮಳಿಗೆಗೊಬ್ಬ ಮಾಲೀಕನಿದ್ದ, ಅವನ ಹೆಸರು ಯಾವುದೋ ಕಚೇರಿಯ ಪುಸ್ತಕದಲ್ಲಿ ದಾಖಲಾಗಿದೆ. ಈ ಎಳೆಗಳನ್ನು ಒಂದೊಂದಾಗಿ ಹಿಡಿದು ಹೋದರೆ, ಹೆಸರು ಮರೆತ ಹಿರಿಯರ ಕಾಲವೂ ನೆಲೆಯೂ ತಿಳಿಯುತ್ತವೆ. ದಾವಣಗೆರೆ ಮತ್ತು ಹರಿಹರದಂಥ ಊರುಗಳಲ್ಲಿ ಈ ಕೆಲಸಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ.

ಬಂದವರು ಕಟ್ಟಿದ ಊರು

ಇಂದು ಮಧ್ಯ ಕರ್ನಾಟಕದ ದೊಡ್ಡ ವ್ಯಾಪಾರ ಕೇಂದ್ರವಾಗಿರುವ ದಾವಣಗೆರೆ ಪುರಾತನ ರಾಜಧಾನಿಯೇನಲ್ಲ. ಹಳೆಯ ಹಿರಿಮೆ ಇದ್ದದ್ದು ಹತ್ತಿರದ ಬೇತೂರಿಗೆ. ದಾವಣಗೆರೆ ಅದರ ನೆರಳಿನಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಇದನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಊರು ಬೆಳೆಯಿತೆಂದೂ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಆ ಕಾಲದಲ್ಲಿ ಇಲ್ಲಿನ ಹೆಸರುವಾಸಿ ಸರಕು ಕಂಬಳಿ. ಆಮೇಲೆ ಹತ್ತಿ ಬಂತು. ಹತ್ತಿಯ ಹಿಂದೆ ಜಿನ್ನಿಂಗ್ ಕಾರ್ಖಾನೆಗಳೂ, 1930ರ ದಶಕದಿಂದ ಬಟ್ಟೆ ಗಿರಣಿಗಳೂ ಬಂದವು. ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಆಂಜನೇಯ ಮಿಲ್, ಚಂದ್ರೋದಯ, ಗಣೇಶರ್, ತೋಳಹುಣಸೆಯ ಯಲ್ಲಮ್ಮ ಮಿಲ್ ಹೀಗೆ ಒಂದರ ಮೇಲೊಂದು ಚಿಮಣಿ ಎದ್ದು, ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರೂ ಬಂತು.

1901ರ ಜನಗಣತಿಯ ಹೊತ್ತಿಗೆ ಸುಮಾರು ಹತ್ತು ಸಾವಿರದಷ್ಟಿದ್ದ ಜನಸಂಖ್ಯೆ 2011ರಲ್ಲಿ 4 ಲಕ್ಷ 34 ಸಾವಿರ ದಾಟಿತ್ತು. ಇದರ ಅರ್ಥ ಸರಳ. ಇಂದಿನ ದಾವಣಗೆರೆಯ ಬಹುತೇಕ ಮನೆತನಗಳು ಎರಡು, ಮೂರು, ಹೆಚ್ಚೆಂದರೆ ಆರೇಳು ತಲೆಮಾರಿನ ಹಿಂದೆ ಬೇರೆಲ್ಲಿಂದಲೋ ಬಂದಂಥವು. ಯಾರೋ ಕಾಳು ಮಾರಲು ಬಂದರು, ಯಾರೋ ಮೂಟೆ ಹೊರಲು ಬಂದರು, ಯಾರೋ ಗಿರಣಿಯ ಪಾಳಿಗೆ ಬಂದರು, ಯಾರೋ ನಾಟಕ ಕಂಪನಿಯ ಜೊತೆ ಬಂದು ಇಲ್ಲೇ ಉಳಿದರು. ಆದ್ದರಿಂದ ಈ ಊರಿನಲ್ಲಿ ಮನೆತನದ ಚರಿತ್ರೆ ಎಂದರೆ 'ನಾವು ಎಲ್ಲಿಂದ ಬಂದೆವು, ಯಾವಾಗ ಬಂದೆವು, ಬಂದಾಗ ಯಾವ ಬೀದಿಯಲ್ಲಿ ಇಳಿದೆವು' ಎಂಬ ಮೂರು ಪ್ರಶ್ನೆಗಳಿಗೆ ಉತ್ತರ.

ಊರಿನ ಹೆಸರಾಂತ ಬೆಣ್ಣೆ ದೋಸೆಯ ಕಥೆಯೂ ಇಂಥದೇ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕ ಥಿಯೇಟರಿನ ಬಳಿ ದೋಸೆ ಹುಯ್ದು ಮಾರತೊಡಗಿದರೆಂದೂ, ಮುಂದೆ ಅವರ ಮಕ್ಕಳ ಕೈಯಲ್ಲಿ ಅದಕ್ಕೆ ಬೆಣ್ಣೆ ಸೇರಿತೆಂದೂ ಊರವರು ಹೇಳುತ್ತಾರೆ. ಒಂದು ವಲಸೆ, ಒಂದು ಬೀದಿ, ಒಂದು ಕಸುಬು: ದಾವಣಗೆರೆಯ ಸಾವಿರಾರು ಮನೆತನಗಳ ಚರಿತ್ರೆಗೆ ಇವೇ ಮೂರು ಕಾಲುಗಳು. ಚೆನ್ನಮ್ಮನವರ ಕಥೆ ದೋಸೆಯ ದೆಸೆಯಿಂದ ಉಳಿಯಿತು. ಉಳಿದ ಮನೆಗಳ ಕಥೆಗೆ ಅಂಥ ಆಸರೆ ಇಲ್ಲ.

ಹೆಸರಿನೊಳಗೆ ಅಡಗಿದ ಊರು

ಫೋಟೋ ಹಿಡಿದು ಹೊರಡುವ ಮೊದಲು ಮನೆತನದ ಹೆಸರನ್ನೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಈ ಭಾಗದಲ್ಲಿ ಹೆಸರಿನ ಮುಂದೆ ಬರುವ ಮಾತು ಹೆಚ್ಚಾಗಿ ಊರಿನದು, ಇಲ್ಲವೇ ಕಸುಬಿನದು. ದಾವಣಗೆರೆ ಕಾಟನ್ ಮಿಲ್‌ನೊಂದಿಗೆ ಹೆಸರು ಬೆಸೆದುಕೊಂಡಿರುವ ರಾಜನಹಳ್ಳಿ ಮನೆತನ ಹರಿಹರದ ಬಳಿಯ ರಾಜನಹಳ್ಳಿಯನ್ನು ಹೆಸರಿನಲ್ಲೇ ಹೊತ್ತಿದೆ. ಡಿ.ಆರ್.ಎಂ. ವಿಜ್ಞಾನ ಕಾಲೇಜಿನ ನಡುವಣ 'ಆರ್' ಅಕ್ಷರವೂ ಅದೇ ಊರಿನದು. ರಾಜಕಾರಣಿ ಕೊಂಡಜ್ಜಿ ಬಸಪ್ಪನವರ ಹೆಸರಿನಲ್ಲಿ ಹರಿಹರ ತಾಲ್ಲೂಕಿನ ಕೊಂಡಜ್ಜಿ ಇದೆ.

1942ರ ಚಲೇಜಾವ್ ಚಳವಳಿಯಲ್ಲಿ ದಾವಣಗೆರೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಪಟ್ಟಿಯನ್ನು ನೋಡಿ. ಅಕ್ಕಸಾಲಿ ವಿರೂಪಾಕ್ಷಪ್ಪ, ಹಮಾಲಿ ತಿಮ್ಮಣ್ಣ, ಹಳ್ಳೂರು ನಾಗಪ್ಪ. ಒಬ್ಬರ ಹೆಸರಲ್ಲಿ ಚಿನ್ನದ ಕೆಲಸ, ಇನ್ನೊಬ್ಬರದರಲ್ಲಿ ಮೂಟೆ ಹೊರುವ ದುಡಿಮೆ, ಮತ್ತೊಬ್ಬರದರಲ್ಲಿ ಹಳ್ಳೂರು ಎಂಬ ಊರು. ಒಂದು ಪೇಟೆಯ ಬಾಳೆಲ್ಲ ಈ ಮೂರು ಹೆಸರುಗಳಲ್ಲಿ ಅಡಕವಾಗಿದೆ. ಇಂದು ಶಾಲೆಯ ದಾಖಲೆಗಾಗಿ ಈ ಮುಂಹೆಸರುಗಳು ಒಂದೊಂದು ಇನಿಷಿಯಲ್ಲಿಗೆ ಇಳಿದಿವೆ. 'ಎಚ್' ಎಂದರೆ ಹಳ್ಳೂರೋ ಹಮಾಲಿಯೋ ಹದಡಿಯೋ ಎಂಬುದು ಮೊಮ್ಮಕ್ಕಳಿಗೆ ತಿಳಿಯದಂತಾಗಿದೆ. ನಿಮ್ಮ ಇನಿಷಿಯಲ್ಲನ್ನು ಬಿಡಿಸಿ ಬರೆದಿಡುವುದೇ ಈ ಹುಡುಕಾಟದ ಮೊದಲ ಹೆಜ್ಜೆ.

ಬೀದಿಗಳ ಹೆಸರೂ ಹೀಗೆಯೇ ಮಾತಾಡುತ್ತವೆ. ಮಂಡಿಪೇಟೆ ದಲ್ಲಾಳಿ ಮಂಡಿಗಳನ್ನು ನೆನಪಿಸುತ್ತದೆ. ಹಗೇದಿಬ್ಬ ಎಂಬ ಹೆಸರು ಕಿವಿಗೆ ಬಿದ್ದೊಡನೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳು ಕಣ್ಣಮುಂದೆ ಬರುತ್ತವೆ. ಬಿನ್ನಿ ಕಂಪನಿ ರಸ್ತೆ ಹತ್ತಿಯ ವ್ಯಾಪಾರದ್ದು. ಮಂಡಕ್ಕಿ ಭಟ್ಟಿ ಎಂದರೆ ವಿವರಿಸುವುದೇ ಬೇಡ. ಪಿ.ಜೆ. ಬಡಾವಣೆಯ ಎರಡಕ್ಷರ ಪ್ರಿನ್ಸ್ ಜಯಚಾಮರಾಜ ಎಂಬುದರ ಸಂಕ್ಷೇಪ. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದದ್ದು 1940ರಲ್ಲಿ. ಅವರನ್ನು 'ಪ್ರಿನ್ಸ್' ಎಂದು ಕರೆಯುವ ಹೆಸರು ಹುಟ್ಟಿದ್ದು ಅದಕ್ಕೂ ಮೊದಲೇ ಇರಬೇಕು. ಹೀಗೆ ಒಂದು ಬಡಾವಣೆಯ ಹೆಸರಿನಿಂದಲೇ ಅದರ ವಯಸ್ಸನ್ನು ಅಂದಾಜು ಮಾಡಬಹುದು.

ಚಿತ್ರದ ಕಾಲ ತಿಳಿಯುವ ಬಗೆ

ಈಗ ಫೋಟೋವನ್ನೇ ಕೈಗೆತ್ತಿಕೊಳ್ಳೋಣ. ಮಂಡಿಪೇಟೆಯ ಅಂಗಡಿಯೊಂದರ ಮುಂದೆ ತೆಗೆಸಿದ, ತಾರೀಖಿಲ್ಲದ ಕಪ್ಪು ಬಿಳುಪು ಚಿತ್ರವೊಂದು ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. ಇದು ಯಾವ ಕಾಲದ್ದು?

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಚಿತ್ರದಲ್ಲಿ ಕಾಣುವ ಕೆಲವು ವಸ್ತುಗಳು 'ಇದಕ್ಕಿಂತ ಹಿಂದಿನದಲ್ಲ' ಎಂದು ಹೇಳುತ್ತವೆ. ಬೇರೆ ಕೆಲವು 'ಇದಕ್ಕಿಂತ ಈಚಿನದಲ್ಲ' ಎನ್ನುತ್ತವೆ. ಎರಡು ಕಡೆಯಿಂದಲೂ ಬೇಲಿ ಕಟ್ಟುತ್ತ ಬಂದರೆ ನಡುವೆ ಉಳಿಯುವ ಕೆಲವೇ ವರ್ಷಗಳಲ್ಲಿ ಚಿತ್ರ ಸಿಕ್ಕಿಬೀಳುತ್ತದೆ.

ಅಂಗಡಿಯ ದರಪಟ್ಟಿಯಲ್ಲಿ 'ನ.ಪೈ.' ಎಂದಿದೆಯೇ? ನಯೇಪೈಸೆ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. 1964ರ ಜೂನಿನಲ್ಲಿ 'ನಯೇ' ಎಂಬ ವಿಶೇಷಣ ಬಿದ್ದುಹೋಗಿ ಬರಿಯ ಪೈಸೆ ಉಳಿಯಿತು. ಅಲ್ಲಿಗೆ ಚಿತ್ರ ಬಹುಮಟ್ಟಿಗೆ ಏಳು ವರ್ಷಗಳ ಅವಧಿಯೊಳಗೆ ಬಂತು. ಆಣೆಯ ಲೆಕ್ಕವಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು. ಸೇರು, ಮಣಗಳ ಬದಲು ಕಿಲೋ ಎಂದು ಬರೆದಿದ್ದರೆ 1960ರ ದಶಕ ಆರಂಭವಾಗಿದೆ ಎನ್ನಬಹುದು. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ ಅದನ್ನು ಬರೆಸಿದ್ದು 1973ರ ನವೆಂಬರ್ 1ಕ್ಕಿಂತ ಮೊದಲು. '577' ಎಂದು ಆರಂಭವಾಗುವ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. 'ಚಿತ್ರದುರ್ಗ ಜಿಲ್ಲೆ' ಎಂದಿದ್ದರೆ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮುನ್ನ ಬರೆಸಿದ್ದು. ಪಕ್ಕದಲ್ಲಿ ನಿಂತ ಸ್ಕೂಟರಿನ ಸಂಖ್ಯಾಫಲಕವೂ ಕಾಲದ ಸುಳಿವು ಕೊಡಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. ಅಂಗಡಿಯವರು ಬೋರ್ಡನ್ನು ಸರ್ಕಾರ ಹೆಸರು ಬದಲಿಸಿದ ಮರುದಿನವೇ ಬದಲಿಸುವುದಿಲ್ಲ. ಬಣ್ಣ ಉದುರುವವರೆಗೂ ಹಳೆಯ ಬೋರ್ಡೇ ಇರುತ್ತದೆ. ಹಾಗಾಗಿ ಹೊಸ ಗುರುತುಗಳು ಗಟ್ಟಿ ಸಾಕ್ಷಿ, ಹಳೆಯ ಗುರುತುಗಳು ಮೆದು ಸಾಕ್ಷಿ. ಗೋಡೆಯ ಮೇಲೆ 'ರಣಧೀರ ಕಂಠೀರವ' ಚಿತ್ರದ ಭಿತ್ತಿಪತ್ರ ಕಂಡರೆ ಫೋಟೋ 1960ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಒಳ್ಳೆಯ ಚಿತ್ರಗಳು ಮತ್ತೆ ಮತ್ತೆ ಟಾಕೀಸಿಗೆ ಬರುತ್ತಿದ್ದವು. ಆದರೆ ಕಾಗದದ ಭಿತ್ತಿಪತ್ರ ಒಂದು ಮಳೆಗಾಲಕ್ಕಿಂತ ಹೆಚ್ಚು ಬಾಳದು. ಆ ಬೀದಿಯ ಹಿರಿಯರಿಗೆ ಆ ಸಿನಿಮಾ ಯಾವ ಟಾಕೀಸಿಗೆ ಯಾವಾಗ ಬಂದಿತ್ತೆಂಬ ನೆನಪಿದ್ದರೆ ವರ್ಷವಲ್ಲ, ತಿಂಗಳೇ ಸಿಕ್ಕೀತು. ನಾಟಕದ ಭಿತ್ತಿಪತ್ರವಾದರೂ ಅಷ್ಟೆ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಂಪನಿ ಯಾವ ವರ್ಷ ಎಲ್ಲಿ ಡೇರೆ ಹಾಕಿತ್ತು ಎಂದು ಹೇಳುವವರು ಹಳೇ ಪೇಟೆಯಲ್ಲಿ ಹುಡುಕಿದರೆ ಸಿಗುತ್ತಾರೆ.

ಉಡುಗೆಯೂ ಕಾಲ ಹೇಳುತ್ತದೆ. ಬಿಳಿಯ ಗಾಂಧಿ ಟೋಪಿ 1920ರ ನಂತರದ್ದು. ರುಮಾಲು, ಕರಿಟೋಪಿ, ಬರಿತಲೆ ಇವು ಮೂರೂ ಒಂದೇ ಚಿತ್ರದಲ್ಲಿದ್ದರೆ ಮೂರು ತಲೆಮಾರು ಒಟ್ಟಿಗೆ ನಿಂತಿವೆ ಎಂದೇ ತಿಳಿಯಬಹುದು. ಫೋಟೋದ ಹಿಂಬದಿಯನ್ನು ಮರೆಯಬಾರದು. ಸ್ಟುಡಿಯೋದ ಮೊಹರು ಅಲ್ಲಿರುತ್ತದೆ. ಹಿಂದಿನ ಕಾಲದ ಎಷ್ಟೋ ಚಿತ್ರಗಳನ್ನು ಅಂಚೆಕಾರ್ಡಿನ ಕಾಗದದ ಮೇಲೆಯೇ ಮುದ್ರಿಸುತ್ತಿದ್ದುದರಿಂದ ಬೆನ್ನ ಮೇಲೆ ವಿಳಾಸದ ಗೆರೆಗಳಿರುತ್ತವೆ. ಬೋರ್ಡಿನ ಅಕ್ಷರ ತಿರುಗುಮುರುಗಾಗಿ ಕಂಡರೆ ನೆಗೆಟಿವ್ ಅನ್ನು ಮಗುಚಿ ಮುದ್ರಿಸಿದ್ದಾರೆ ಎಂದರ್ಥ. ಆಗ ಎಡಗಡೆಯ ಅಂಗಡಿಯನ್ನು ಬಲಗಡೆ ಹುಡುಕಬೇಕು. ಕನ್ನಡಿ ಹಿಡಿದು ಓದಿದರೆ ಎಲ್ಲ ಸರಿಹೋಗುತ್ತದೆ.

ಚೆಕ್ಕುಬಂದಿ ಎಂಬ ಕೀಲಿಕೈ

ಕಾಲ ಗೊತ್ತಾಯಿತು. ಇನ್ನು ಸ್ಥಳ. ಅಂಗಡಿ ಯಾವ ಬೀದಿಯಲ್ಲಿ, ಯಾವ ಮಗ್ಗುಲಿನಲ್ಲಿತ್ತು? ಇದಕ್ಕೆ ನಮ್ಮಲ್ಲಿ ಬಹಳ ಒಳ್ಳೆಯ ಸಾಧನವೊಂದಿದೆ. ಅದೇ ಕ್ರಯಪತ್ರದ ಚೆಕ್ಕುಬಂದಿ.

ಮನೆ ಅಥವಾ ಮಳಿಗೆಯ ಕ್ರಯಪತ್ರದ ಕೊನೆಯಲ್ಲಿ ಸ್ವತ್ತಿನ ನಾಲ್ಕು ದಿಕ್ಕಿನ ಎಲ್ಲೆಯನ್ನು ಬರೆದಿರುತ್ತಾರೆ. ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಇಂಥವರ ಮಳಿಗೆ, ದಕ್ಷಿಣಕ್ಕೆ ಓಣಿ ಎಂಬ ರೀತಿ. ಸಾಮಾನ್ಯವಾಗಿ ನಾವು ಇದನ್ನು ಜಗಳ ಬಂದಾಗ ಮಾತ್ರ ಓದುತ್ತೇವೆ. ಆದರೆ ಚರಿತ್ರೆಯ ದೃಷ್ಟಿಯಿಂದ ಇದು ಅಮೂಲ್ಯ. ಒಂದು ಪತ್ರ ನೆರೆಯ ಇಬ್ಬರು ಮೂವರ ಹೆಸರು ಕೊಡುತ್ತದೆ. ಆ ನೆರೆಯವರ ಪತ್ರ ಅವರಾಚೆಯ ನೆರೆಯವರನ್ನು ತೋರಿಸುತ್ತದೆ. ಹೀಗೆ ನಾಲ್ಕಾರು ಪತ್ರಗಳನ್ನು ಕೊಂಡಿಯಂತೆ ಜೋಡಿಸಿದರೆ ಇಡೀ ಬೀದಿ, ಮನೆಯ ಪಕ್ಕ ಮನೆಯಾಗಿ, ಕಾಗದದ ಮೇಲೆ ಎದ್ದು ನಿಲ್ಲುತ್ತದೆ. ಫೋಟೋದ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಬೋರ್ಡಿನ ಮಿಕ್ಕ ಅರ್ಧವನ್ನು ಈ ಪಟ್ಟಿಯಿಂದ ತುಂಬಿಸಿಕೊಳ್ಳಬಹುದು.

ಹಳೆಯ ಪತ್ರಗಳ ಪ್ರತಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರುತ್ತದೆ. ಮನೆಯ ಖಾತೆ ಯಾವ ವರ್ಷ ಯಾರಿಂದ ಯಾರಿಗೆ ಬದಲಾಯಿತು ಎಂಬುದು ಹಿಂದಿನ ಪುರಸಭೆಯ, ಈಗಿನ ಮಹಾನಗರ ಪಾಲಿಕೆಯ ಕಂದಾಯ ಪುಸ್ತಕಗಳಲ್ಲಿ ದಾಖಲಾಗಿದೆ. ಪುರಸಭೆಯ ನಡಾವಳಿಗಳನ್ನು ತಿರುವಿದರೆ ಚಿತ್ರದಲ್ಲಿನ ದೀಪದ ಕಂಬಕ್ಕೆ, ಬೀದಿ ನಲ್ಲಿಗೆ ಮಂಜೂರಾತಿ ಸಿಕ್ಕ ವರ್ಷವೂ ದೊರೆಯಬಹುದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗನ ಹೆಸರಿನೊಂದಿಗೆ ತಂದೆಯ ಹೆಸರು, ಕಸುಬು, ಹುಟ್ಟಿದ ಊರು ಇರುತ್ತವೆ. ವರ್ತಕರ ಮನೆಗಳಲ್ಲಿ ದೀಪಾವಳಿಗೆ ಪೂಜೆ ಮಾಡಿ ತೆರೆದ ಕಿರ್ದಿ, ಖಾತಾವಣಿ ಪುಸ್ತಕಗಳು ಅಟ್ಟದ ಮೇಲಿದ್ದರೆ, ಅಂಗಡಿಗೆ ಯಾವ ಹಳ್ಳಿಯ ರೈತರು ಹತ್ತಿ ತರುತ್ತಿದ್ದರು ಎಂಬುದೂ ತಿಳಿಯುತ್ತದೆ. ಹಳ್ಳಿಯ ನಂಟಸ್ತಿಕೆ ಸಾಮಾನ್ಯವಾಗಿ ವ್ಯಾಪಾರದ ನಂಟಿನ ಜಾಡಿನಲ್ಲೇ ಇರುತ್ತದೆ.

ನ್ಯೂಯಾರ್ಕ್ ನಗರದ ಆಡಳಿತ ಈ ಎರಡನ್ನೂ, ಅಂದರೆ ಕಂದಾಯವನ್ನೂ ಚಿತ್ರವನ್ನೂ, ಒಂದೇ ಕಡೆ ತಂದಿತ್ತು. ಆಸ್ತಿ ತೆರಿಗೆಯ ಲೆಕ್ಕಕ್ಕಾಗಿ 1939ರಿಂದ 1941ರವರೆಗೆ ಆ ನಗರದ ಕಟ್ಟಡಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದಿದ್ದರು. ಏಳು ಲಕ್ಷಕ್ಕೂ ಹೆಚ್ಚಿನ ಆ ಚಿತ್ರಗಳು 2018ರಲ್ಲಿ ಎಲ್ಲರಿಗೂ ಸಿಗುವಂತಾದವು. ತೆರಿಗೆ ಗುಮಾಸ್ತರು ಕಟ್ಟಡಕ್ಕೆಂದು ತೆಗೆದ ಚಿತ್ರಗಳಲ್ಲಿ ಇಂದಿನವರು ತಮ್ಮ ಅಜ್ಜನ ಅಂಗಡಿಯನ್ನು, ಅಜ್ಜಿ ಬಾಡಿಗೆಗಿದ್ದ ಮನೆಯನ್ನು ಹುಡುಕುತ್ತಾರೆ. ನಮ್ಮ ಹಳೆಯ ಖಾತೆ ಪುಸ್ತಕಗಳಲ್ಲಿ ಅಕ್ಷರವಷ್ಟೇ ಇದೆ. ಚಿತ್ರ ಮನೆಯವರ ಪೆಟ್ಟಿಗೆಯಲ್ಲಿದೆ. ಇವೆರಡನ್ನೂ ಕೂಡಿಸುವ ಕೆಲಸ ನಮ್ಮದೇ.

ಹೊಳೆಯ ಎರಡು ದಡ

ದಾವಣಗೆರೆಯ ಆಲ್ಬಮ್ಮುಗಳಲ್ಲಿ ಪೇಟೆಯ ಬೀದಿಯ ನಂತರ ಹೆಚ್ಚಾಗಿ ಕಾಣುವುದು ಹರಿಹರ. ಗುಡಿಗೆ ಹೋದಾಗ, ಹೊಳೆಯ ಸ್ನಾನಕ್ಕೆ ಹೋದಾಗ, ಮದುವೆಯ ದಿಬ್ಬಣ ದಾಟುವಾಗ ತೆಗೆದ ಚಿತ್ರಗಳವು. ಹಿನ್ನೆಲೆಯಲ್ಲಿ ಹರಿಹರೇಶ್ವರ ದೇವಾಲಯದ ಕಂಬಗಳೋ, ತುಂಗಭದ್ರೆಯ ಸೇತುವೆಯ ಕಮಾನುಗಳೋ ಇರುತ್ತವೆ. ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಹದಿನಾಲ್ಕು ಕಮಾನುಗಳ ಹಳೆಯ ಸೇತುವೆ ಮುಗಿದದ್ದು 1868ರಲ್ಲಿ.

ಕ್ಯಾಮೆರಾಗೂ ಹರಿಹರಕ್ಕೂ ಹಳೆಯ ನಂಟು. ಮೈಸೂರು ಸರ್ಕಾರದ ಅಪೇಕ್ಷೆಯಂತೆ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮುಂತಾದೆಡೆಯ ಶಾಸನಗಳ ಫೋಟೋ ತೆಗೆದರು. ಆ ಚಿತ್ರಗಳನ್ನು ನೋಡಿ ಅನುವಾದಿಸುವ ಕೆಲಸದಿಂದಲೇ ರೈಸ್ ಅವರ 1879ರ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಗ್ರಂಥ ಹುಟ್ಟಿತು. ಕಲ್ಲನ್ನು ಓದಲು ಮೊದಲು ನೆರವಾದದ್ದೇ ಫೋಟೋ ಎಂಬುದು ಗಮನಿಸಬೇಕಾದ ಸಂಗತಿ. ಆ ಶಾಸನಗಳಾದರೂ ಏನು ಹೇಳುತ್ತವೆ? ದಾನ ಕೊಟ್ಟವನ ವಂಶ, ಕೊಟ್ಟ ಭೂಮಿಯ ನಾಲ್ಕು ಎಲ್ಲೆ. ವಂಶಾವಳಿಯೂ ಚೆಕ್ಕುಬಂದಿಯೂ ನಮಗೆ ಹೊಸವಲ್ಲ. ಅರಸರೂ ದಂಡನಾಯಕರೂ ಕಲ್ಲಿನಲ್ಲಿ ಬರೆಸಿದ್ದನ್ನು ಸಾಮಾನ್ಯರು ಕಾಗದದಲ್ಲಿ ಬರೆಸಿದರು, ಅಷ್ಟೆ.

ಹರಿಹರದ ಚಿತ್ರ ಸಿಕ್ಕವರು ಇನ್ನೊಂದು ಮಾತನ್ನು ನೆನಪಿಡಬೇಕು. 1956ರ ಏಕೀಕರಣದವರೆಗೆ ಇಲ್ಲಿ ಹೊಳೆಯೇ ಗಡಿಯಾಗಿತ್ತು. ಈ ದಡ ಮೈಸೂರು ಸಂಸ್ಥಾನ, ಆ ದಡದ ರಾಣೆಬೆನ್ನೂರು ಕಡೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. ಹೆಣ್ಣು ಕೊಟ್ಟು ತರುವವರಿಗೆ ಈ ಗಡಿ ಲೆಕ್ಕಕ್ಕಿರಲಿಲ್ಲ, ಸರ್ಕಾರಿ ಕಾಗದಕ್ಕೆ ಮಾತ್ರ ಇತ್ತು. ಹಾಗಾಗಿ ಒಂದೇ ಮನೆತನದ ಅರ್ಧ ದಾಖಲೆ ಚಿತ್ರದುರ್ಗದ ಕಡೆಗೂ ಉಳಿದರ್ಧ ಧಾರವಾಡದ ಕಡೆಗೂ ಹಂಚಿಹೋಗಿರುತ್ತದೆ. ಆ ಕಡೆಯ ಹಳೆಯ ಕಂದಾಯ ಕಾಗದಗಳಲ್ಲಿ ಮೋಡಿ ಲಿಪಿಯೂ ಉಂಟು. ಅಜ್ಜಿಯ ತವರು ಹೊಳೆಯಾಚೆ ಇದ್ದು, ಈಚೆ ಎಷ್ಟು ಹುಡುಕಿದರೂ ಸುಳಿವು ಸಿಗದಿದ್ದರೆ ಕಾರಣ ಇದೇ ಇರಬಹುದು.

ಹರಿಹರಕ್ಕೆ ಹೊಸ ಜನರನ್ನು ತಂದದ್ದು ಕಾರ್ಖಾನೆಗಳು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರ ತಯಾರಿಕೆಯ ಕುಶಲಕರ್ಮಿಗಳನ್ನು ಸೆಳೆಯಿತು. ಆಮೇಲೆ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎದ್ದಿತು. ಕಾರ್ಖಾನೆಯ ವಾರ್ಷಿಕೋತ್ಸವ, ಆಯುಧಪೂಜೆ, ನಿವೃತ್ತಿ ಸಮಾರಂಭಗಳ ಗುಂಪು ಚಿತ್ರಗಳು ನೂರಾರು ಮನೆಗಳಲ್ಲಿವೆ. ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದ ಮೇಲೆ, ಆ ಚಿತ್ರಗಳಲ್ಲಿ ಸಾಲಾಗಿ ನಿಂತವರು ಊರೂರಿಗೆ ಚದುರಿದರು.

ಚಿತ್ರದ ಅಂಚಿನಲ್ಲಿ ನಿಂತವರು

ಇಷ್ಟು ಹೊತ್ತು ಹೇಳಿದ್ದೆಲ್ಲ ಫೋಟೋ ತೆಗೆಸಿಕೊಳ್ಳುವ ಅನುಕೂಲವಿದ್ದವರ ಮಾತು. ಅಂಗಡಿ ಇದ್ದವರು ಅಂಗಡಿಯ ಮುಂದೆ ಫೋಟೋ ತೆಗೆಸಿದರು. ಅವರ ಮಂಡಿಯಲ್ಲಿ ಮೂಟೆ ಹೊತ್ತವರು, ಗಿರಣಿಯ ನೂಲುವ ಖಾತೆಯಲ್ಲಿ ದುಡಿದವರು, ಭಟ್ಟಿಯಲ್ಲಿ ಮಂಡಕ್ಕಿ ಹುರಿದವರು, ಬುಟ್ಟಿಯಲ್ಲಿ ತರಕಾರಿ ಹೊತ್ತು ತಂದ ಹೆಂಗಸರು ಎಲ್ಲಿ ಹೋದರು? ಇಂಥ ಮನೆಗಳಲ್ಲಿ ಅಜ್ಜನ ಒಂದೇ ಒಂದು ಚಿತ್ರವೂ ಇಲ್ಲದಿರುವುದು ಸಾಮಾನ್ಯ. ಇದ್ದರೂ ಅದು ತೀರಿಕೊಂಡ ದಿನ ಕೂಡಿಸಿ ತೆಗೆದ ಚಿತ್ರ, ಇಲ್ಲವೇ ಕಾರ್ಮಿಕ ವಿಮೆಯ ಕಾರ್ಡಿಗೆ ಅಂಟಿಸಿದ ಬೆರಳುದ್ದದ ಮುಖ.

ಅವರು ಇರುವುದು ಬೇರೆಯವರ ಚಿತ್ರದ ಅಂಚಿನಲ್ಲಿ. ಸಾಹುಕಾರರು ಕುರ್ಚಿಯಲ್ಲಿ ಕುಳಿತಿದ್ದರೆ ಪಕ್ಕದ ಬಾಗಿಲ ಮರೆಯಿಂದ 'ಫೋಟೋದವರು ಬಂದರು' ಎಂದು ಇಣುಕಿದ ಹುಡುಗ. ಮೆರವಣಿಗೆಯ ಚಿತ್ರದಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟ್ ಹೊತ್ತು ಮುಖ ನೆರಳಿನಲ್ಲಿ ಉಳಿದವಳು. ಹತ್ತಿ ಗಾಡಿಯ ನೊಗದ ಬಳಿ ಅಲುಗಾಡಿದ್ದರಿಂದ ಮಸುಕಾದವನು. ಅವರಿಗಾಗಿ ಯಾರೂ ಫೋಟೋ ತೆಗೆಯಲಿಲ್ಲ, ಆದರೂ ಬಿದ್ದುಬಿಟ್ಟಿದ್ದಾರೆ. ಬೀದಿಯ ಚಿತ್ರದ ದೊಡ್ಡ ಬೆಲೆ ಇದೇ. ಸ್ಟುಡಿಯೋದ ಪರದೆಯ ಮುಂದೆ ಹಣ ಕೊಟ್ಟವರಿಗಷ್ಟೇ ಜಾಗ. ಬೀದಿಯಲ್ಲಿ ಹಾಗಲ್ಲ, ಕ್ಯಾಮೆರಾದ ಕಣ್ಣಿಗೆ ಬಿದ್ದವರೆಲ್ಲ ಉಳಿಯುತ್ತಾರೆ. ನಿಮ್ಮ ಮನೆಯ ಚಿತ್ರದ ಅಂಚಿನಲ್ಲಿ ನಿಂತವರು ಇನ್ನೊಂದು ಮನೆಯವರು ಕಾಣದೆ ಪರಿತಪಿಸುತ್ತಿರುವ ಅಜ್ಜ ಅಜ್ಜಿ ಆಗಿರಬಹುದು. ಅದಕ್ಕಾಗಿಯೇ ಹಳೆಯ ಚಿತ್ರವನ್ನು ಚೊಕ್ಕಟವಾಗಿ ಕಾಣಲೆಂದು ಅಂಚು ಕತ್ತರಿಸಿ ಹೊಸ ಕಟ್ಟು ಹಾಕಿಸುವುದು ಸಲ್ಲದು.

ಹೆಂಗಸರ ಜಾಡು ಹಿಡಿಯುವುದು ಇನ್ನೂ ಕಷ್ಟ. ಗಂಡಸಿನ ಹೆಸರು ಕಾಗದಗಳಲ್ಲಿ 'ಬಿನ್' ಎಂಬ ಮಾತಿನಿಂದ ತಂದೆಗೆ ಅಂಟಿಕೊಳ್ಳುತ್ತದೆ. ಮದುವೆಯಾದ ಹೆಂಗಸಿನ ಹೆಸರು 'ಕೋಂ' ಎಂಬುದರ ಮೂಲಕ ಗಂಡನಿಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಆಕೆಯ ತವರಿನ ಎಳೆ ಕಾಗದದಲ್ಲಿ ಕಡಿದುಹೋಗುತ್ತದೆ. ಅದನ್ನು ಕೂಡಿಸುವುದು ಮದುವೆಯ ಫೋಟೋ ಮತ್ತು ಲಗ್ನಪತ್ರಿಕೆ. ಮದುವೆಯ ಗುಂಪಿನಲ್ಲಿ ಮದುಮಗಳ ಹಿಂದೆ ನಿಂತವರು ಯಾರು, ಸೋದರಮಾವ ಯಾವ ಊರಿನಿಂದ ಬಂದಿದ್ದರು ಎಂಬುದನ್ನು ಮನೆಯ ಹಿರಿಯ ಹೆಂಗಸರು ಮಾತ್ರ ಹೇಳಬಲ್ಲರು. ಗಂಡಸರಿಗೆ ಆಸ್ತಿಯ ವರ್ಷ ನೆನಪಿರುತ್ತದೆ, ಹೆಂಗಸರಿಗೆ ನಂಟಿನ ದಾರಿ ನೆನಪಿರುತ್ತದೆ. ಇಬ್ಬರನ್ನೂ ಕೇಳದೆ ಬರೆದ ವಂಶವೃಕ್ಷಕ್ಕೆ ಅರ್ಧ ಕೊಂಬೆಯೇ ಇರುವುದಿಲ್ಲ.

ಹೆಳವರ ಪದ್ಧತಿ

ವಂಶದ ಹೆಸರುಗಳನ್ನು ಕಾಪಾಡುವುದನ್ನೇ ಕಸುಬಾಗಿ ಮಾಡಿಕೊಂಡ ಜನ ನಮ್ಮಲ್ಲಿದ್ದಾರೆ. ಅವರೇ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಂದಿಗೆ ತಮಗೆ ಸೇರಿದ ಮನೆಗಳಿಗೆ ಬಂದು, ಆ ಮನೆತನದ ಮೂಲ ಊರು, ಬೆಡಗು, ತಲೆಮಾರುಗಳ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಕಾಳು, ಬಟ್ಟೆ, ಹಣ ಪಡೆದು ಹೋಗುವುದು ಅವರ ವಾಡಿಕೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಹಳ್ಳಿ ಬಿಟ್ಟು ಪೇಟೆ ಸೇರಿದವರನ್ನೂ ಹುಡುಕಿಕೊಂಡು ಬರುತ್ತಾರೆ. ಎತ್ತಿನ ಬದಲು ಈಗ ವಾಹನಗಳೂ ಬಂದಿವೆ.

ಹೆಳವರ ಹೊತ್ತಿಗೆಯಲ್ಲಿ ಹೆಸರುಂಟು, ಮುಖವಿಲ್ಲ. ನಮ್ಮ ಆಲ್ಬಮ್ಮಿನಲ್ಲಿ ಮುಖವುಂಟು, ಹೆಸರಿಲ್ಲ. ಒಬ್ಬ ಹೆಳವನನ್ನು ಕೂರಿಸಿಕೊಂಡು ಹಳೆಯ ಚಿತ್ರಗಳನ್ನು ಮುಂದಿಟ್ಟರೆ, ಎಷ್ಟೋ ಮನೆಗಳಲ್ಲಿ ಎರಡೂ ಕೂಡಿಕೊಂಡಾವು. ಪೇಟೆಯ ಮನೆಗಳಲ್ಲಿ ಈಗ ಹೆಳವರು ಬಂದಾಗ ಭಿಕ್ಷುಕರೆಂದು ತಿಳಿದು ಬಾಗಿಲು ಮುಚ್ಚುವವರೇ ಹೆಚ್ಚು. ಮುಚ್ಚಿದ ಬಾಗಿಲ ಹೊರಗೆ ತಮ್ಮದೇ ಆರೇಳು ತಲೆಮಾರು ನಿಂತಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಇಂದೇ ಮಾಡಬಹುದಾದ ಕೆಲಸ

ದಾವಣಗೆರೆಯ ಗಿರಣಿಗಳು ಮುಚ್ಚಿ, ಅವುಗಳ ಹೆಸರು ಡಿ.ಸಿ.ಎಂ. ಟೌನ್‌ಶಿಪ್‌ನಂಥ ಬಡಾವಣೆಗಳಲ್ಲಿ ಮಾತ್ರ ಉಳಿದಿದೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಗೆ ಸೇರಿದ ಮೇಲೆ ರಸ್ತೆಗಳ ರೂಪವೂ ಬದಲಾಗಿದೆ. ಹಳೆಯ ಮಳಿಗೆ ಕೆಡವಿ ಹೊಸದು ಕಟ್ಟುವುದು ತಪ್ಪಲ್ಲ. ಊರು ಬೆಳೆದದ್ದೇ ಹಾಗೆ. ಆದರೆ ಮಳಿಗೆ ಹೋದ ಮೇಲೆ ಅದರ ಗುರುತು ಉಳಿಯುವುದು ಚಿತ್ರದಲ್ಲಿ ಮಾತ್ರ. ಮನೆ ಖಾಲಿ ಮಾಡುವಾಗ ಗುಜರಿಗೆ ಮೊದಲು ಹೋಗುವುದೂ ಕಟ್ಟು ಮುರಿದ ಆ ಚಿತ್ರವೇ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಹಬ್ಬಕ್ಕೋ ಮದುವೆಗೋ ಮನೆಮಂದಿ ಸೇರಿದಾಗ ಹಳೆಯ ಚಿತ್ರಗಳನ್ನು ಕೆಳಗಿಳಿಸಿ. ಹಿರಿಯರು ಹೇಳಿದ ಹೆಸರು, ಊರು, ನಂಟು, ಬೀದಿ ಇವನ್ನು ಮೆದು ಪೆನ್ಸಿಲ್ಲಿನಿಂದ ಹಿಂಬದಿಯಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಬೇಡ, ಅದರ ಗೀರು ಮುಂಭಾಗಕ್ಕೆ ಮೂಡುತ್ತದೆ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಲು ಹೋಗಬೇಡಿ, ಗಾಜಿನ ಮೇಲಿಂದಲೇ ಬೆಳಕು ಹೊಳೆಯದಂತೆ ಫೋನಿನಲ್ಲಿ ಫೋಟೋ ತೆಗೆಯಿರಿ. ಅಂಟುಪಟ್ಟಿ, ಲ್ಯಾಮಿನೇಶನ್ ಬೇಡ. ಸಾಧ್ಯವಾದರೆ ಅದೇ ಬೀದಿಗೆ ಹೋಗಿ, ಹಳೆಯ ಛಾಯಾಗ್ರಾಹಕ ನಿಂತಿದ್ದ ಜಾಗದಲ್ಲೇ ನಿಂತು ಇಂದಿನ ಚಿತ್ರವೊಂದನ್ನು ತೆಗೆದು ಜೊತೆಗಿಡಿ. ಮುಂಬಯಿಯ ಅನುಷಾ ಯಾದವ್ 2010ರಲ್ಲಿ ಆರಂಭಿಸಿದ 'ಇಂಡಿಯನ್ ಮೆಮೊರಿ ಪ್ರಾಜೆಕ್ಟ್' ಹೀಗೆಯೇ ದೇಶದ ನಾನಾ ಮನೆಗಳ ಚಿತ್ರಗಳನ್ನು ಅವುಗಳ ಕಥೆಯ ಸಮೇತ ಕೂಡಿಸಿದೆ. ಒಂದು ಬೀದಿಯವರು, ಒಂದು ಶಾಲೆಯವರು, ಒಂದು ಗಿರಣಿಯಲ್ಲಿ ದುಡಿದವರು ಸೇರಿದರೆ ಇದೇ ಕೆಲಸವನ್ನು ಊರಮಟ್ಟದಲ್ಲಿ ಮಾಡಬಹುದು.

ಇಂದಿನ ಚಿತ್ರಗಳ ಸ್ಥಿತಿ ಹಳೆಯವಕ್ಕಿಂತ ಉತ್ತಮವೇನಲ್ಲ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ದಿನಾಂಕ ಅಡಗಿರುತ್ತದೆ. ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದಾಗ ಅದು ಕಳಚಿಹೋಗುತ್ತದೆ. ಸಾವಿರ ಚಿತ್ರಗಳಿದ್ದೂ ಒಂದಕ್ಕೂ ಹೆಸರಿಲ್ಲದಿದ್ದರೆ ಮುಂದಿನವರು ನಮ್ಮನ್ನೂ 'ಹಿಂದಿನ ಸಾಲಿನವರು' ಎಂದೇ ಕರೆದಾರು. ಈಗಿನ ಇ-ಖಾತಾ ನಮೂನೆಯಲ್ಲಿ ಸ್ವತ್ತಿನ ಚಿತ್ರಕ್ಕೂ ಜಾಗವಿದೆ. ಗುಮಾಸ್ತರು ಕಂದಾಯಕ್ಕೆಂದು ತೆಗೆಯುವ ಆ ಚಿತ್ರದಲ್ಲಿ ಮುಂದೊಂದು ದಿನ ಮೊಮ್ಮಗನೊಬ್ಬ ತನ್ನ ಅಜ್ಜಿಯನ್ನು ಹುಡುಕಬಹುದು. ಚಿತ್ರ ತೆಗೆಯುವವರು ಬಂದಾಗ ಮನೆಯ ಹಿರಿಯರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಖಾತೆಗೆ ನಷ್ಟವಿಲ್ಲ, ಮನೆತನಕ್ಕೆ ಲಾಭವುಂಟು.